ತರಗತಿಗೆ ಪೊಲೀಸ್ ಬಂದಾಗ
2015ರ ಅಕ್ಟೋಬರ್. ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದ ಒಂದು ಪ್ರೌಢಶಾಲೆ. ಗಣಿತದ ತರಗತಿಯಲ್ಲಿ ಮೊಬೈಲ್ ಹಿಡಿದಿದ್ದ ಹುಡುಗಿ ಹೊರಗೆ ಹೋಗೆಂದರೂ ಕದಲಲಿಲ್ಲ. ಶಾಲೆಗೆಂದೇ ನೇಮಕವಾಗಿದ್ದ ಪೊಲೀಸ್ ಅಧಿಕಾರಿ ಬಂದು ಆಕೆಯನ್ನು ಡೆಸ್ಕಿನ ಸಮೇತ ಕೆಡವಿ, ನೆಲದ ಮೇಲೆ ಎಳೆದ. ಪ್ರತಿಭಟಿಸಿದ ಸಹಪಾಠಿಯನ್ನೂ ಬಂಧಿಸಲಾಯಿತು. ಇಬ್ಬರ ಮೇಲೂ ಒಂದೇ ಆರೋಪ: ಶಾಲೆಗೆ ಅಡಚಣೆ!

ಅಧಿಕಾರಿ ಎರಡೇ ದಿನದಲ್ಲಿ ಕೆಲಸ ಕಳೆದುಕೊಂಡ. ಮೊಕದ್ದಮೆಗಳು 2016ರಲ್ಲಿ ಬಿದ್ದುಹೋದವು. ಅಷ್ಟರಲ್ಲಿ ಸಹಪಾಠಿ ಶಾಲೆ ಬಿಟ್ಟಿದ್ದಳು. ಆದರೆ ಸುಮ್ಮನಾಗಲಿಲ್ಲ, ಇತರರೊಂದಿಗೆ ಸೇರಿ ಆ ಕಾನೂನನ್ನೇ ನ್ಯಾಯಾಲಯದಲ್ಲಿ ಪ್ರಶ್ನಿಸಿದಳು. ವಿದ್ಯಾರ್ಥಿಗಳ ಮೇಲೆ ಅದರ ಪ್ರಯೋಗ ಸಂವಿಧಾನಬಾಹಿರ ಎಂಬ ತೀರ್ಪನ್ನು ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಎತ್ತಿಹಿಡಿಯಿತು.

ಮೇಷ್ಟ್ರು ಗದರಿ, ಹೆತ್ತವರನ್ನು ಕರೆಸಿ ಮುಗಿಸಬಹುದಾದ ತಂಟೆ ಠಾಣೆಯ ಮೆಟ್ಟಿಲೇರಿತು. ಕಾನೂನು ತಪ್ಪು ತಿದ್ದಿಕೊಂಡಿತು, ನಿಜ. ಆದರೆ ಶಾಲೆ ಬಿಟ್ಟವಳಿಗೆ ಆ ದಿನಗಳನ್ನು ಮರಳಿ ಕೊಡುವವರು ಯಾರು?