ಒಂದು ಸಿ.ಡಿ., ಹಲವು ಬಳಕೆದಾರರು
1990ರ ದಶಕದ ಕಚೇರಿ, ಗ್ರಂಥಾಲಯಗಳಲ್ಲಿ ಸುಮಾರು 650 ಮೆಗಾಬೈಟ್ ಮಾಹಿತಿ ಹಿಡಿಯುವ ಸಿ.ಡಿ.ಗಳನ್ನು ಜಾಲದ ಮೂಲಕ ಹಲವರಿಗೆ ಒದಗಿಸಲು ಸಿ.ಡಿ. ಟವರ್, ಅಂದರೆ ಡ್ರೈವ್‌ಗಳನ್ನು ಒಂದರ ಮೇಲೊಂದು ಜೋಡಿಸಿದ ಪೆಟ್ಟಿಗೆ, ಬಳಕೆಯಲ್ಲಿತ್ತು. ನಿಜವಾದ ತೊಡಕು ಇದ್ದುದು ಡ್ರೈವಿನೊಳಗೆ: ಲೇಸರ್ ಕಿರಣ ಹಾಯಿಸಿ ಓದುವ ಭಾಗವು ಸಾಮಾನ್ಯವಾಗಿ ಒಂದೇ ಇರುವುದರಿಂದ, ಇಬ್ಬರು ಬೇರೆ ಬೇರೆ ಕಡತಗಳನ್ನು ಏಕಕಾಲಕ್ಕೆ ಕೇಳಿದಾಗ ಅದು ಬಿಲ್ಲೆಯ ಒಳಸುತ್ತಿಗೂ ಹೊರಸುತ್ತಿಗೂ ಓಡಾಡುವುದರಲ್ಲೇ ಕಾಲ ಕಳೆದು, ಆರಂಭದ ಡ್ರೈವ್‌ಗಳಿಗಿದ್ದ ಸೆಕೆಂಡಿಗೆ 150 ಕಿಲೋಬೈಟ್‌ನ ಅಲ್ಪ ವೇಗವೂ ಕೈಗೆಟುಕುತ್ತಿರಲಿಲ್ಲ. ಇದಕ್ಕಿಂತ ಬಿಲ್ಲೆಯ ಯಥಾವತ್ ನಕಲನ್ನು, ಅಂದರೆ ಐಎಸ್‌ಒ ಇಮೇಜನ್ನು, ಸರ್ವರಿನ ಹಾರ್ಡ್ ಡಿಸ್ಕಿಗೆ ಇಳಿಸಿ ಹಂಚುವ ಕ್ರಮವೇ ಲೇಸು. ಆದರೆ ಪರವಾನಗಿ ಎಷ್ಟು ಮಂದಿಗೆ ಎಂಬ ಪ್ರಶ್ನೆ (ಮಾರಾಟಗಾರರು ಇದನ್ನು ಮರೆಯುವವರಲ್ಲ) ಅಲ್ಲಿಯೂ ಬಿಡುವುದಿಲ್ಲ.