ಸುಳ್ಳು ಶ್ರೇಣಿ ಮಗುವಿಗೆ ತೋರುವ ದಯೆಯಲ್ಲ



ನಿವೃತ್ತನಾದ ಮೇಲೆ ವಾರಕ್ಕೆ ಮೂರು ಸಂಜೆ ನಮ್ಮ ಭಾಗದ ಮಠದ ಪ್ರಸಾದ ನಿಲಯದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ಕಳೆದ ವರ್ಷ ಆರನೇ ತರಗತಿಯ ಹುಡುಗನೊಬ್ಬ ಬಂದ. ಅವನ ಹಿಂದಿನ ವರ್ಷದ ಪ್ರಗತಿ ಪತ್ರದಲ್ಲಿ ಗಣಿತಕ್ಕೆ 'ಎ' ಶ್ರೇಣಿ ಇತ್ತು. 52ರಲ್ಲಿ 27 ಕಳೆ ಎಂದೆ. 35 ಎಂದು ಬರೆದ. ಎರಡರಲ್ಲಿ ಏಳು ಹೋಗದಿದ್ದಾಗ ಹತ್ತರ ಸ್ಥಾನದಿಂದ ಕಡ ತರಬೇಕೆಂಬುದು ಅವನಿಗೆ ತಿಳಿದೇ ಇರಲಿಲ್ಲ. ಹುಡುಗ ದಡ್ಡನಲ್ಲ. ಎರಡು ವಾರದಲ್ಲಿ ಕಲಿತ. ಹಾಗಾದರೆ ಆ 'ಎ' ಎಲ್ಲಿಂದ ಬಂತು?

ನಾನು ಸೇವೆಯಲ್ಲಿದ್ದಾಗ ಕಾಂಕ್ರೀಟ್ ಹಾಕಿದ ದಿನವೇ ಅದೇ ಮಿಶ್ರಣದಿಂದ 150 ಮಿ.ಮೀ. ಅಳತೆಯ ಕ್ಯೂಬ್‌ಗಳನ್ನು ಮಾಡಿಡುತ್ತಿದ್ದೆವು. 7ನೇ ದಿನ ಕೆಲವನ್ನು, 28ನೇ ದಿನ ಉಳಿದವನ್ನು ಯಂತ್ರದಲ್ಲಿಟ್ಟು ಒಡೆದು ಬಲ ನೋಡುತ್ತಿದ್ದೆವು. 7ನೇ ದಿನದ ಫಲಿತಾಂಶ ಕಡಿಮೆ ಬಂದರೆ ನೀರು ಹೆಚ್ಚಾಯಿತೇ, ಕ್ಯೂರಿಂಗ್ ಸರಿಯಾಗಿಲ್ಲವೇ ಎಂದು ಹುಡುಕುತ್ತಿದ್ದೆವು. ಕ್ಯೂಬ್ ಒಡೆಯದೆಯೇ ರಿಜಿಸ್ಟರಿನಲ್ಲಿ ಅಂಕಿ ಬರೆದರೆ ಕಾಗದ ಚೆನ್ನಾಗಿರುತ್ತದೆ, ಸೇತುವೆ ಇರುವುದಿಲ್ಲ.

ನಮ್ಮ ಶಾಲೆಗಳ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಉದ್ದೇಶವೂ ಆ 7ನೇ ದಿನದ ಪರೀಕ್ಷೆಯದೇ. ರೂಪಣಾತ್ಮಕ ಮೌಲ್ಯಮಾಪನ ಇರುವುದು ಮಗು ಎಲ್ಲಿ ಎಡವುತ್ತಿದೆ ಎಂದು ವರ್ಷದ ನಡುವೆಯೇ ತಿಳಿದು ತಿದ್ದಲಿಕ್ಕೆ. ಆದರೆ ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿ ನೋಡುತ್ತ, ದಾಖಲೆ ತುಂಬುತ್ತ, ಬಿಸಿಯೂಟದ ಲೆಕ್ಕವನ್ನೂ ಇಡಬೇಕಾದಲ್ಲಿ ಶ್ರೇಣಿ ಎಂಬುದು ತುಂಬಬೇಕಾದ ಇನ್ನೊಂದು ಕಾಲಂ ಆಗಿಬಿಡುತ್ತದೆ. 'ಸಿ' ಬರೆದರೆ ಮೇಲಿನವರು ಕಾರಣ ಕೇಳುತ್ತಾರೆ. 'ಎ' ಬರೆದರೆ ಯಾರೂ ಕೇಳುವುದಿಲ್ಲ.

ಇದಕ್ಕೆ ನಪಾಸು ಮಾಡುವುದೇ ಮದ್ದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನನ್ನ ಜೊತೆ ನಾಲ್ಕನೆಯ ಇಯತ್ತೆಯಲ್ಲಿದ್ದ ಗೆಳೆಯನೊಬ್ಬ ನಪಾಸಾದ. ಮರುವರ್ಷ ಶಾಲೆಗೆ ಬರಲಿಲ್ಲ, ದನ ಕಾಯಲು ಹೋದ. 2010ರಲ್ಲಿ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯವರೆಗೆ ಯಾರನ್ನೂ ಅದೇ ತರಗತಿಯಲ್ಲಿ ಉಳಿಸಬಾರದು ಎಂದದ್ದು ಇಂಥ ಮಕ್ಕಳಿಗಾಗಿ. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಗೆ ಪರೀಕ್ಷೆ ನಡೆಸಲು ಅವಕಾಶ ಕೊಟ್ಟಿತು. ಅದರಲ್ಲಿಯೂ ತೇರ್ಗಡೆಯಾಗದ ಮಗುವಿಗೆ ಹೆಚ್ಚುವರಿ ಪಾಠ, ಎರಡು ತಿಂಗಳೊಳಗೆ ಮರುಪರೀಕ್ಷೆ ಕೊಡಬೇಕೆಂದಿದೆ. ನಮ್ಮ ರಾಜ್ಯದಲ್ಲಿ ಬೋರ್ಡ್ ಪರೀಕ್ಷೆಯ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2024ರ ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ತಡೆ ಬಿತ್ತು. ಪರೀಕ್ಷೆ ಬೇಕೋ ಬೇಡವೋ ಎಂಬ ಈ ಜಗಳದಲ್ಲಿ ಹೆಚ್ಚುವರಿ ಪಾಠದ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಸುಳ್ಳು ಶ್ರೇಣಿಯಿಂದ ಉಳ್ಳವರ ಮಗುವಿಗೆ ನಷ್ಟ ಕಡಿಮೆ. ಅದಕ್ಕೆ ಟ್ಯೂಷನ್ ಇದೆ, ಓದಿದ ತಾಯಿ ತಂದೆ ಇದ್ದಾರೆ. ಕೂಲಿಯವರ ಮಗುವಿಗೆ ಶಾಲೆಯೊಂದೇ ಆಸರೆ. ಅದರ ತಾಯಿ ಆ 'ಎ'ಯನ್ನು ನಂಬುತ್ತಾಳೆ. ಎಸ್ಸೆಸ್ಸೆಲ್ಸಿಯಲ್ಲಿ ಸತ್ಯ ತಿಳಿಯುವ ಹೊತ್ತಿಗೆ ತಿದ್ದುವ ಕಾಲ ಮೀರಿರುತ್ತದೆ. ಎಲ್ಲರಿಗೂ ಅರಿವಿನ ಬಾಗಿಲು ತೆರೆದ ಬಸವಾದಿ ಶರಣರ ಹೆಸರು ಹೇಳುವ ನಾವು ಈ ಅಸಮಾನತೆಯನ್ನು ಕಂಡೂ ಕಾಣದಂತೆ ಇರಬಾರದು. ಮಾಡದ ಕೆಲಸವನ್ನು ಮಾಡಿದಂತೆ ಬರೆಯುವುದು ಕಾಯಕವೂ ಅಲ್ಲ.

ನಮ್ಮ ಮಠಗಳು ನೂರಾರು ಶಾಲೆ, ಪ್ರಸಾದ ನಿಲಯಗಳನ್ನು ನಡೆಸುತ್ತಿವೆ. ಸರ್ಕಾರದ ಆದೇಶಕ್ಕೆ ಕಾಯಬೇಕಿಲ್ಲ. ಜೂನ್ ತಿಂಗಳಲ್ಲಿ ಪ್ರತಿ ಮಗುವಿನಿಂದ ಒಂದು ಪುಟ ಓದಿಸಿ, ನಾಲ್ಕು ಲೆಕ್ಕ ಮಾಡಿಸಿ, ಕಂಡದ್ದನ್ನು ಕಂಡಂತೆ ಬರೆದಿಡೋಣ. ನಿಜ ಬರೆದ ಶಿಕ್ಷಕರನ್ನು ಆಡಳಿತ ಮಂಡಳಿ ಗದರದೆ, ಅವರಿಗೆ ಸಹಾಯಕರನ್ನು ಕೊಡಲಿ. ಪಿಂಚಣಿ ಪಡೆಯುತ್ತಿರುವ ನಮ್ಮಂಥವರು ದಿನಕ್ಕೆ ಒಂದು ಗಂಟೆ ಕೊಟ್ಟರೆ ಅದೇ ದಾಸೋಹ.

ಆ ಹುಡುಗ ಈ ಸಲ ಗಣಿತದಲ್ಲಿ 'ಬಿ ಪ್ಲಸ್' ತಂದ. ಹಿಂದಿನ 'ಎ'ಗಿಂತ ಕಡಿಮೆ. ಆದರೆ ಇದು ಅವನದೇ.