ಉಂಡ ಮನೆಯ ಜಂತೆ ಎಣಿಸುವವರಾರು?

ಪಟ್ಟಣದ ಸಾಧಾರಣ ಕುಟುಂಬವೊಂದಕ್ಕೆ ಬೈಕ್ ಖರೀದಿ ಸಣ್ಣ ವಿಷಯವಲ್ಲ. ಮುಂಗಡಕ್ಕೆ ಉಳಿತಾಯ ಕರಗುತ್ತದೆ. ಉಳಿದುದಕ್ಕೆ ವರ್ಷಗಟ್ಟಲೆ ಕಂತು ಕಟ್ಟಬೇಕು. ಮಕ್ಕಳ ಶಾಲೆ, ಅಂಗಡಿಯ ಸರಕು, ಆಸ್ಪತ್ರೆಯ ಓಡಾಟ ಎಲ್ಲವೂ ಅದರ ಮೇಲೆಯೇ. ಆದ್ದರಿಂದಲೇ ಶೋರೂಮಿನ ಮೆಟ್ಟಿಲೇರುವ ಮುನ್ನ ನಾವು ವಾಹನ ಪತ್ರಿಕೆಗಳ ವಿಮರ್ಶೆಯನ್ನು ಓದುತ್ತೇವೆ. ಶೋರೂಮಿನವನು ಮಾರಲು ಕುಳಿತವನು, ವಿಮರ್ಶಕನಾದರೋ ನಮ್ಮ ಪರವಾಗಿ ನೋಡುವವನು ಎಂಬುದು ನಮ್ಮ ನಂಬಿಕೆ.

ಈ ನಂಬಿಕೆಗೆ ಆಧಾರವೆಷ್ಟು? ಹೊಸ ಬೈಕ್ ಬಿಡುಗಡೆಯಾಗುವಾಗ ಕಂಪೆನಿಗಳು ಪತ್ರಕರ್ತರನ್ನು ಆಹ್ವಾನಿಸುತ್ತವೆ. ವಿಮಾನ ಟಿಕೆಟು, ತಾರಾ ಹೋಟೆಲಿನ ವಾಸ್ತವ್ಯ, ಭೋಜನ ಎಲ್ಲವೂ ಸಾಮಾನ್ಯವಾಗಿ ಕಂಪೆನಿಯ ಲೆಕ್ಕದಲ್ಲೇ. ಒಮ್ಮೊಮ್ಮೆ ಜಾಕೆಟ್, ಬ್ಯಾಗ್‌ನಂತಹ ಉಡುಗೊರೆಗಳೂ ಉಂಟು. ಕಂಪೆನಿಯೇ ಆರಿಸಿದ ರಸ್ತೆಯಲ್ಲೋ ರೇಸ್ ಟ್ರ್ಯಾಕಿನಲ್ಲೋ ಕೆಲವು ಗಂಟೆಗಳ ಸವಾರಿ. ಹಿಂದೆ ಹೆಂಡತಿ, ಮುಂದೆ ಮಗುವನ್ನು ಕೂರಿಸಿಕೊಂಡು ಹೊಂಡ ತುಂಬಿದ ರಸ್ತೆಯಲ್ಲಿ ಸಾಗುವವನ ಕಷ್ಟವಾಗಲಿ, ಮೂರನೇ ವರ್ಷದ ರಿಪೇರಿ ಖರ್ಚಾಗಲಿ ಅಲ್ಲಿ ತಿಳಿಯುವುದು ಹೇಗೆ? ವಿಮರ್ಶೆ ಅಚ್ಚಾಗುವ ಸಂಚಿಕೆಯಲ್ಲೇ ಅದೇ ಕಂಪೆನಿಯ ಪೂರ್ಣಪುಟ ಜಾಹೀರಾತೂ ಇರಬಹುದು.

ವಾಹನ ಪತ್ರಕರ್ತರೆಲ್ಲರೂ ತಮ್ಮನ್ನು ಮಾರಿಕೊಂಡಿದ್ದಾರೆಂದು ನಾವು ಹೇಳುತ್ತಿಲ್ಲ. ಸುಳ್ಳು ಬರೆಯದ ಪ್ರಾಮಾಣಿಕರು ಅವರಲ್ಲಿದ್ದಾರೆ. ಆದರೆ ಉಂಡ ಮನೆಯ ಜಂತೆ ಎಣಿಸಬಾರದೆಂಬ ಗಾದೆ ನಮ್ಮಲ್ಲಿದೆ. ಅತಿಥಿಗೆ ಅದು ಸದ್ಗುಣ. ಜಂತೆ ಎಣಿಸುವುದನ್ನೇ ವೃತ್ತಿಯಾಗಿಸಿಕೊಂಡವನಿಗೆ ಅದೇ ಗುಣ ದೋಷವಾಗುತ್ತದೆ. ಉಪಚಾರವು ಸುಳ್ಳು ಬರೆಯಿಸಬೇಕಾಗಿಲ್ಲ, ಒಂದು ಕಟುವಾಕ್ಯವನ್ನು ಮೃದುಗೊಳಿಸಿದರೂ ಸಾಕು.

ಜಂತೆ ಎಣಿಸಿದವನ ಗತಿಯೇನು ಎಂಬುದಕ್ಕೆ ಅಮೇರಿಕದ ಉದಾಹರಣೆಯೊಂದಿದೆ. 1912ರಲ್ಲಿ ಆರಂಭವಾದ 'ಮೋಟಾರ್‌ಸೈಕ್ಲಿಸ್ಟ್' ಪತ್ರಿಕೆಯಲ್ಲಿ 2005ರ ಜೂನ್‌ನಲ್ಲಿ ಡೆಕ್ಸ್‌ಟರ್ ಫೋರ್ಡ್ ಎಂಬ ಪತ್ರಕರ್ತ 16 ಬಗೆಯ ಹೆಲ್ಮೆಟ್‌ಗಳ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ಸ್ನೆಲ್ ಎಂಬ ಖಾಸಗಿ ಪ್ರತಿಷ್ಠಾನದ ಮುದ್ರೆ ಪಡೆದ ದುಬಾರಿ ಹೆಲ್ಮೆಟ್‌ಗಳು ಅತಿ ಗಡುಸಾಗಿದ್ದು, ಸಾಮಾನ್ಯ ಅಪಘಾತಗಳಲ್ಲಿ ತಲೆಗೆ ಹೆಚ್ಚು ಆಘಾತ ತಲುಪಿಸುತ್ತವೆ ಎಂಬುದು ಅದರ ಸಾರ. ಸುಮಾರು 80 ಡಾಲರಿನ ಅಗ್ಗದ ಹೆಲ್ಮೆಟ್ ಆ ಪರೀಕ್ಷೆಯಲ್ಲಿ ಉತ್ತಮವೆನಿಸಿತು. 2009ರ ಸೆಪ್ಟೆಂಬರಿನಲ್ಲಿ ಫೋರ್ಡ್ ಅದೇ ವಿಷಯವನ್ನು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು. ಅನಂತರ ಅವರು ಮೋಟಾರ್‌ಸೈಕ್ಲಿಸ್ಟ್‌ನ ಕೆಲಸ ಕಳೆದುಕೊಂಡರು. ಹೆಲ್ಮೆಟ್ ಜಾಹೀರಾತುದಾರರ ಅಸಮಾಧಾನವೇ ಇದಕ್ಕೆ ಕಾರಣವೆಂದು ಆಗ ವರದಿಯಾಯಿತು. ಸ್ನೆಲ್ ಮಾತ್ರ ತನ್ನ 2010ರ ಮಾನದಂಡದಲ್ಲಿ ಆಘಾತದ ಮಿತಿಯನ್ನು ತಗ್ಗಿಸಿತು! ಇಲ್ಲಿ ಪ್ರಶ್ನೆಯಿದ್ದುದು ಬೈಕಿನ ಬಣ್ಣದ ಬಗ್ಗೆಯಲ್ಲ, ಸವಾರನ ಪ್ರಾಣದ ಬಗ್ಗೆ.

ಪ್ರತಿ ಬೈಕನ್ನೂ ಹಣ ಕೊಟ್ಟು ಖರೀದಿಸಿ ಪರೀಕ್ಷಿಸಲು ಪತ್ರಿಕೆಗಳಿಗೆ ಶಕ್ತಿಯೆಲ್ಲಿದೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಅಮೇರಿಕದ 'ಕನ್‌ಸ್ಯೂಮರ್ ರಿಪೋರ್ಟ್ಸ್' 1936ರಿಂದಲೂ ಜಾಹೀರಾತು ಸ್ವೀಕರಿಸದೆ, ಓದುಗರ ಚಂದಾ ಮತ್ತು ದೇಣಿಗೆಯ ಬಲದಿಂದ ನಡೆದುಬಂದಿದೆ. ಎಲ್ಲರಿಗೂ ಅದು ಸಾಧ್ಯವಾಗದಿರಬಹುದು. ಆದರೆ ಸತ್ಯ ಹೇಳಲು ಹಣ ಬೇಕಿಲ್ಲ. ಕಂಪೆನಿಯ ಖರ್ಚಿನಲ್ಲಿ ಪ್ರವಾಸ ಹೋದವರು ಅದನ್ನು ವರದಿಯಲ್ಲಿ ತಪ್ಪದೆ ತಿಳಿಸಬೇಕೆಂದು ಭಾರತೀಯ ಪತ್ರಿಕಾ ಮಂಡಳಿಯು ಹಣಕಾಸು ಪತ್ರಕರ್ತರಿಗೆ ನಿಯಮ ವಿಧಿಸಿದೆ. ಉಚಿತ ವಸ್ತು, ಪ್ರವಾಸ, ಹೋಟೆಲ್ ವಾಸ ಪಡೆದು ಉತ್ಪನ್ನಗಳನ್ನು ಹೊಗಳುವ ಸಾಮಾಜಿಕ ಜಾಲತಾಣದ ಪ್ರಭಾವಿಗಳೂ ಅದನ್ನು ಬಹಿರಂಗಪಡಿಸಬೇಕೆಂದು ಕೇಂದ್ರ ಸರಕಾರ 2023ರ ಜನವರಿಯಲ್ಲಿ ಸೂಚಿಸಿದೆ. ವಾಹನ ವಿಮರ್ಶಕರು ಮಾತ್ರ ಇದಕ್ಕೆ ಹೊರತಾಗುವುದೇಕೆ?

ಪ್ರತಿ ವಿಮರ್ಶೆಯ ಆರಂಭದಲ್ಲೇ 'ಈ ಪ್ರವಾಸದ ವೆಚ್ಚ ಕಂಪೆನಿಯದು' ಎಂಬ ಒಂದು ಸಾಲಿರಲಿ. ಓದುಗನ ಹೊಣೆಯೂ ಇಲ್ಲದಿಲ್ಲ. ಪತ್ರಿಕೆಯ ಪೂರ್ಣ ಬೆಲೆಯನ್ನು ತಾವು ತೆರಲೊಪ್ಪದವರು ಅದನ್ನು ಇನ್ನಾರೋ ತೆರುತ್ತಿದ್ದಾರೆಂಬುದನ್ನು ಮರೆಯಬಾರದು. ವಿಮರ್ಶೆ ಓದಿ ಮುಗಿಸಿದೊಡನೆ ಆ ಬೈಕಿನ ಬಗ್ಗೆ ಒಂದಾದರೂ ದೋಷ ತಿಳಿಯಿತೇ ಎಂದು ನಮ್ಮನ್ನು ನಾವು ಕೇಳಿಕೊಳ್ಳೋಣ. ಇಲ್ಲವೆಂದಾದರೆ, ನಮ್ಮ ಬಡಾವಣೆಯಲ್ಲಿ ಎರಡು ವರ್ಷದಿಂದ ಅದೇ ಬೈಕ್ ಓಡಿಸುತ್ತಿರುವವನನ್ನು ವಿಚಾರಿಸುವುದು ಲೇಸು. ಅವನು ಕಂತು ಕಟ್ಟಿದ್ದಾನೆ, ಆ ಮನೆಯಲ್ಲಿ ಉಂಡಿಲ್ಲ.